ಕಪ್ಪು-ಬಿಳಿ ಪಟ್ಟೆಯ ಕೋಲು

ಕಾಳು ಇನ್ನೂ ಉರುಳುತ್ತಲೇ ಇವೆ, ಬಿಳಿ ಬೀನ್ಸ್ ಕಾಳು, ಕಿವಿಯ ಪಕ್ಕದಲ್ಲೇ ಟಪಟಪ ಕುಣಿದು ಇಳಿಜಾರು ಹಿಡಿದು ಹೋಗುತ್ತಿವೆ, ತಲಾಸ್ ಕಣಿವೆಯ ಇಡೀ ಬೆಳೆ ಎಸೆನ್‌ಕುಲ್‌ನ ಲಾರಿಯಲ್ಲೇ ಇತ್ತಲ್ಲ, ಅಷ್ಟು ಹೇರುವ ಎದೆ ಇನ್ಯಾವ ಡ್ರೈವರನಿಗಿದೆ, ಹೀಗೇ ಉರುಳಿದರೆ ಸಂಜೆಯೊಳಗೆ ಯಾವುದಾದರೂ ಸಮುದ್ರ ಮುಟ್ಟಿಯಾವು — ಕುರಿಗಳು ಆಗಲೇ ಮುಕ್ಕುತ್ತಿವೆ, ಮುಕ್ಕಲಿ, ಅವಕ್ಕಾಗಿಯೇ ಅಲ್ಲವೇ ಸ್ಟೇರಿಂಗ್ ತಿರುಗಿಸಿದ್ದು, ಬೇಸಿಗೆಯ ಹುಲ್ಲುಗಾವಲಿನಿಂದ ಇಳಿದು ಬರುವ ಲಕ್ಷ ಕುರಿ, ಲಕ್ಷವಲ್ಲದಿದ್ದರೆ ಒಂದೈವತ್ತು, ತಿರುವಿನಲ್ಲಿ ರಸ್ತೆ ತುಂಬ ನಿಂತಿದ್ದವು, ಲಾರಿ ಮಗ್ಗುಲಿಗೆ ಬಿತ್ತು, ಬಾಗಿಲು ಕಿತ್ತು ಅವನನ್ನು ಉಗುಳಿತು, ಎಂಥ ಹಾರಾಟ, ಹದ್ದುಗಳೆಲ್ಲ ಕೆಳಗೆ ಕಂಡವು, ಆಮೇಲೆ ಯಾವುದೋ ತಗಡು ಎಡತೊಡೆಯನ್ನು ಕಚ್ಚಿತು, ಈಗ ಕಾಲಡಿ ಬೆಚ್ಚಗೆ, ಚಿಮ್ಮಿ ಚಿಮ್ಮಿ ಬರುತ್ತಿದೆ, ಒಬ್ಬನ ಮೈಯಲ್ಲಿ ಇಸಿಕ್-ಕುಲ್ ಸರೋವರದಷ್ಟು ರಕ್ತ ಇರುತ್ತದೆಂದು ಯಾರಿಗೆ ಗೊತ್ತಿತ್ತು, ಬೇರೆಯವನಾಗಿದ್ದರೆ ಎಂದೋ ಬರಿದಾಗುತ್ತಿದ್ದ — ಎತ್ರೋ, ಎತ್ರೋ, ಕಾರಿಗೆ ಹಾಕಿ, ಎಂದು ಕುರಿಗಾಹಿಗಳು ಕಂಕುಳಿಗೆ ಕೈ ಹಾಕಿದ್ದಾರೆ, ಕುದುರೆ ಮೇಲಿಂದ ಒಬ್ಬಳು ಮುದುಕಿ, ಅಯ್ಯೋ ನನ್ ಕಂದ, ಬಾಯಿ ಒಣಗಿರತ್ತೆ, ಒಂದು ಬಟ್ಟಲು ಕುಮಿಸ್ ಕುಡಿಸ್ರೋ, ತೊಗಲಿನ ತಿತ್ತಿಯ ಬಾಯಿ ಬಿಚ್ಚಿದ್ದೇ ಕುದುರೆ ಹಾಲಿನ ಆ ಹುಳಿ ವಾಸನೆ, ಕೊಡು ಅಪಾ, ಕೊಡಜ್ಜಿ, ತಿತ್ತಿ ಸಮೇತ ಕುಡಿಯುತ್ತೇನೆ — ಯಾರೂ ಎತ್ತಬೇಡಿ! ಬಾಯಿಗೆ ಒಂದ್ ಹನೀನೂ ಹಾಕ್ಬೇಡಿ!

ಈ ಗಂಟಲು ಗೊತ್ತು, ಬೂಟೂ ಗೊತ್ತು, ಬೂಟಿನ ಪಕ್ಕ ತೂಗುವ ಕೋಲಂತೂ ಕನಸಿನಲ್ಲೂ ಬರುತ್ತದೆ, ಟ್ರಾಫಿಕ್ ಪೊಲೀಸರ ಕಪ್ಪು-ಬಿಳಿ ಪಟ್ಟೆಯ ಕೋಲು, ಸೂರ್ಯ ಹುಟ್ಟುವುದನ್ನು ನೋಡಿದ್ದಕ್ಕಿಂತ ಹೆಚ್ಚು ಸಲ ಎಸೆನ್‌ಕುಲ್ ಈ ಕೋಲು ಏಳುವುದನ್ನು ನೋಡಿದ್ದಾನೆ, ಎದ್ದರೆ ನಿಲ್ಲಲೇಬೇಕು, ಅಷ್ಟೇ — ಸಿಕ್ಕಿಸಿಕ್ಕಿ ಈ ಪೊಲೀಸ್ ಹುಡುಗ ಎರ್ಬೋಲ್‌ನ ಕೈಗೇ ಸಿಕ್ಕಿಬಿದ್ದೆನಲ್ಲ, ಎಡ ಬಲ ತಿಳಿಯದವನ ಕೈಗೆ, ಮುಗಿಯಿತು ಕಥೆ. ಹೋದ ಚಳಿಗಾಲದಲ್ಲೂ ಇದೇ ಕೋಲು ಎದ್ದಿತ್ತು, ದಂಡ ಹಾಕಲು ಅಂದುಕೊಂಡರೆ, ಒಂದು ಉಪಕಾರ ಆಗ್ಬೇಕು ಬೈಕೆ, ಬೈಕೆ ಅಂತೆ, ಪೊಲೀಸರಿಗೆ ದೊಡ್ಡಣ್ಣ ಆಗಿಬಿಟ್ಟ ದಿನ ಅದು, ನಮಗೆ ಪ್ರಥಮ ಚಿಕಿತ್ಸೆ ಪಾಠ ನಡೀತಿದೆ, ಕಲಿಸೋ ಗೊಂಬೆ ಘಾಟಿಯ ಹಿಮದಲ್ಲಿ ಸಿಕ್ಕಾಕೊಂಡಿದೆ, ಒಂದು ದಪ್ಪನೆ ಮನುಷ್ಯ ಬೇಕು, ಬಂದು ಸ್ವಲ್ಪ ಬಿದ್ದಿರ್ತೀರಾ? ಬಿದ್ದ, ಎಂಥ ಬೀಳುವಿಕೆ, ಅಂಥ ಸಾವು ನಮ್ಮೂರಿನ ರಂಗಮಂದಿರದಲ್ಲಿ ಯಾವ ನಟನೂ ಸತ್ತಿಲ್ಲ, ಸಭಾಂಗಣದ ಪೊಲೀಸರೆಲ್ಲ ಕಣ್ಣೊರೆಸಿಕೊಂಡರು, ನಕ್ಕು ಒರೆಸಿಕೊಂಡರೋ ಅತ್ತೋ ಅದು ಬೇರೆ ಮಾತು, ಪಾಠ ಹೇಳುತ್ತಿದ್ದ ಡಾಕ್ಟರ್ ಗುಲ್ಸಾರಾ ಸೊಂಟಕ್ಕೆ ಕೈಯಿಟ್ಟು, ಈ ಹೆಣ ಬಾಯಿ ಮುಚ್ಚೋದು ಯಾವಾಗ್ರೀ ಅಂದರು, ಸೀಮೆಸುಣ್ಣದಲ್ಲಿ ಎಡತೊಡೆಗೆ ಗಾಯ ಬರೆದಿದ್ದರೆ ಎರ್ಬೋಲ್ ಬೆವೆತು ಬೆವೆತು ಬಲಗಾಲನ್ನು ಕಟ್ಟಿದ! ಅವತ್ತಿಂದ ಎಲ್ಲಿ ಕೋಲು ಎದ್ದರೂ ಕಿಟಕಿಯಿಂದ ತಲೆ ಹಾಕಿ, ಎಡವೋ ಬಲವೋ ಸಾಹೇಬ್ರೇ? ಅವನ ಕಿವಿ ಬೀಟ್‌ರೂಟು, ಚಹದಂಗಡಿಗೊಂದು ಸಲ ಹೇಳಿ ಹೇಳಿ ಕಥೆ ಬೆಳೆದು ಕೊನೆಗೆ ಎರ್ಬೋಲ್ ಕುತ್ತಿಗೆಗೇ ಕಟ್ಟಿದ್ದ, ಈಗ ಅದೇ ಎರ್ಬೋಲ್‌ನ ಮಂಡಿ ತೊಡೆಯ ಮೇಲೆ, ಎರಡು ಕೈ ಗಾಯದೊಳಗೆ, ಸೇಡು ತೀರಿಸಿಕೊಳ್ಳುತ್ತಾನೋ —

ಸಾಯೋನಿಗೆ ಕುಮಿಸ್ ಕೊಡಬಾರದು ಅಂತ ಯಾವ ಕಾನೂನೋ ಅದು, ಮುದುಕಿ ಬಿಡುತ್ತಿಲ್ಲ, ಸಾಯಲ್ಲ ಅಪಾ, ಆಪರೇಷನ್ ಆಗ್ಬೇಕು, ಹೊಟ್ಟೆ ಖಾಲಿ ಇರ್ಲಿ, ನಿಮ್ಮ ತಲೆವಸ್ತ್ರ ಬಿಚ್ಚಿ ಕೊಡಿ. ನನ್ ತಲೆವಸ್ತ್ರಾನಾ? ಜನರ ಮುಂದೆ ಮುದುಕಿ ತಲೆ ಬರಿದು ಮಾಡ್ತೀಯಲ್ಲೋ ತರ್ಲೆ, ತಗೋ, ತಗೋ ಬೇಗ, ಎರ್ಬೋಲ್ ಬಟ್ಟೆ ಅಗಲವಾಗಿ ಮಡಚಿ ಗಾಯಕ್ಕಿಂತ ಸ್ವಲ್ಪ ಮೇಲೆ ಸುತ್ತಿದ, ಗಂಟು, ಗಂಟಿನ ಮೇಲೆ — ಅದೇ ಕೋಲು, ಅದರ ಮೇಲೆ ಇನ್ನೊಂದು ಗಂಟು, ತಿರುವಿದ, ಅಮ್ಮಾ, ಅಲಾ-ತೂ ಬೆಟ್ಟವನ್ನೇ ತೊಡೆಯ ಮೇಲಿಟ್ಟ ಹಾಗೆ, ಇನ್ನೊಂದು ಸುತ್ತು, ಬೈರಿ ಬೈಕೆ, ಅಪ್ಪನ್ನೂ ಸೇರಿಸಿ ಬೈರಿ, ಮಾತು ಮಾತ್ರ ನಿಲ್ಲಿಸ್ಬೇಡಿ, ಬೈದ, ಏಳು ತಲೆಮಾರಿನ ತನಕ ಬೈದ, ಇನ್ನೊಂದು ಸುತ್ತು, ಕಪ್ಪು ಹೋಗಿ ಬಿಳಿ, ಬಿಳಿ ಹೋಗಿ ಕಪ್ಪು — ಚಿಮ್ಮುತ್ತಿದ್ದದ್ದು ನಿಂತಿತು. ನಿಂತೇಬಿಟ್ಟಿತು, ಕೋಲು ಎದ್ದರೆ ಲಾರಿ ನಿಲ್ಲುವ ಹಾಗೆ. ಹಣೆಯ ಮೇಲೆ ಪೆನ್ನು ಕಚಗುಳಿಯಿಡುತ್ತಿದೆ, ಕಟ್ಟಿದ ಹೊತ್ತು ಬರೀತಿದೀನಿ, ಆಸ್ಪತ್ರೇಲಿ ಕೇಳ್ತಾರೆ, ಮೈಮೇಲೆ ಮುದುಕಿಯ ಉಣ್ಣೆಯ ನಿಲುವಂಗಿ, ಹೊಗೆ ಮತ್ತು ಕುರಿಯ ವಾಸನೆ, ಎಷ್ಟು ಚಳಿ, ಆದರೂ ಎಷ್ಟು ಬೆಚ್ಚಗೆ, ಬರಿದಲೆಯ ಅಪಾಳಿಗೆ ಒಂದು ಲಾರಿ ತಲೆವಸ್ತ್ರ ತಂದು ಸುರಿಯಬೇಕು, ಡಾಕ್ಟರಮ್ಮನಿಗೆ ಎರಡು ಲಾರಿ ಹೂವು, ಹಿಮದಲ್ಲಿ ಸಿಕ್ಕಿಕೊಂಡಿತಲ್ಲ ಆ ಗೊಂಬೆ, ಅದಕ್ಕೂ ಏನಾದರೂ, ಈ ಹುಡುಗನಿಗೆ — ಈ ಹುಡುಗನಿಗೆ ಕೊಡುವಂಥದ್ದು ಯಾವ ಲಾರಿ ಹೊರುತ್ತದೆ —

ಬೈಕೆ. ಬೈಕೆ! ಯಾಕ್ ಸುಮ್ನಾದ್ರಿ? ಒಂದು ಕೈ ಕೋಲಿನ ಮೇಲೇ ಇದೆ. ಹೇಳಿ, ಎಡವೋ ಬಲವೋ?

ಎಡ, ಅಂದ ಎಸೆನ್‌ಕುಲ್, ಸರಿಯಾಗಿ ಕಟ್ಟಿದೀಯ ತಮ್ಮಾ, ನೀನಿಲ್ದಿದ್ರೆ ಹೋಗಿರ್ತಿದ್ದೆ. ಅಷ್ಟೇ ಬಂತು. ಒಂದಕ್ಕೆ ಹತ್ತು ಸೇರಿಸೋಣವೆಂದು ಒಳಗೆಲ್ಲ ತಡಕಾಡಿದ, ಏನೂ ಸಿಗಲಿಲ್ಲ, ಎರ್ಬೋಲ್‌ನ ಕಿವಿ ಮತ್ತೆ ಬೀಟ್‌ರೂಟು, ತಿರುವಿನಾಚೆ ಆಂಬುಲೆನ್ಸಿನ ಕೂಗು ಕೇಳುತ್ತಿದೆಯೋ, ಕುರಿ ಅರಚುತ್ತಿದೆಯೋ, ಅಲ್ಲ, ಆಂಬುಲೆನ್ಸೇ, ಚಹದಂಗಡಿಯಲ್ಲಿ ಇದನ್ನು ಹೇಗೆ ಹೇಳುವುದು, ಎಷ್ಟಿತ್ತೋ ಅಷ್ಟೇ ಹೇಳಿದರೆ ನಂಬುವವರು ಯಾರು, ಆ ಕೋಲು, ಮುದುಕಿಯ ತಲೆವಸ್ತ್ರದ ಗಂಟಿನಲ್ಲಿ ಅಡ್ಡ ನಿಂತ ಕೋಲು, ಕಪ್ಪು, ಬಿಳಿ, ಕಪ್ಪು, ಬಿಳಿ, ಕೊನೆಯ ಪಟ್ಟೆಯ ಮೇಲೆ ಬಿಡದೆ ಹಿಡಿದ ಕೈ, ಕಪ್ಪು, ಬಿಳಿ, ಕಪ್ಪು, ಕೈ