ಹಾಲವ್ವನ ಮನೆಯ ಪಾಸ್‌ವರ್ಡ್

ಎಲ್ಲಿಂದ ಶುರು ಮಾಡಲಿ? ಲ್ಯಾಪ್‌ಟಾಪಿನಿಂದ ಶುರು ಮಾಡಿದರೆ ನೀವು ಇದು ಹುಡುಗರ ಕಥೆ ಎಂದು ಪುಟ ತಿರುಗಿಸುತ್ತೀರಿ. ವಿಧವೆಯಿಂದ ಶುರು ಮಾಡಿದರೆ ಕರವಸ್ತ್ರ ಹುಡುಕುತ್ತೀರಿ. ನನಗೆ ಎರಡೂ ಬೇಡ. ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನಿಂದ ಶುರು ಮಾಡಿ ನೋಡಿದೆ. ಅಲ್ಲಿನ ಗದ್ದಲದಲ್ಲಿ ನನ್ನ ಪಾತ್ರ ಮುಧೋಳದ ಬಸ್ಸು ಹತ್ತಿ ಹೊರಟೇಬಿಟ್ಟ. ಅವನನ್ನು ಇಳಿಸಿಕೊಂಡು ಬರುವಷ್ಟರಲ್ಲಿ ಆ ಪುಟವನ್ನು ಹರಿದು ಹಾಕಿದ್ದೆ.

1

ಆ ಪಾತ್ರದ ಹೆಸರು ದಶರಥ. ಮದುವೆಯಾಗದ ಹುಡುಗನಿಗೆ ಇಂಥ ಹೆಸರು ಯಾಕಿಟ್ಟಿರಿ ಎಂದು ಅವನು ತಕರಾರು ತೆಗೆದಿದ್ದಾನೆ. (ತೆಗೆಯಲಿ. ಕಥೆ ನನ್ನದು.) ವರ್ಷ 2013. ಹಿಪ್ಪರಗಿ ಬ್ಯಾರೇಜಿನ ನೀರು ಯಾವ ಯಾವ ಹೊಲಕ್ಕೆ ಮುಟ್ಟುತ್ತದೆ ಎಂದು ಅಳೆದು ನಕ್ಷೆ ಮಾಡುವುದು ಅವನ ಕೆಲಸ. ಊರು ರಾಯಚೂರಿನ ಕಡೆ. ಮಹಾಲಿಂಗಪುರದಲ್ಲಿ ಹಾಲವ್ವ ಎಂಬಾಕೆಯ ಮನೆಯ ಮಾಳಿಗೆ ಕೋಣೆಯಲ್ಲಿ ಬಾಡಿಗೆಗಿದ್ದಾನೆ. ಬಂದು ಇನ್ನೂ ವಾರವಾಗಿಲ್ಲ, ಮಾತಾಡಿಸುವವರು ಯಾರೂ ಇಲ್ಲ.

ಇಂಟರ್‌ನೆಟ್ಟಿಗೆಂದು ಲ್ಯಾಪ್‌ಟಾಪಿಗೆ ಚುಚ್ಚುವ ಡಾಂಗಲ್ ಒಂದಿದೆ. ಅದಕ್ಕೆ ಸಿಗ್ನಲ್ ಬೇಕೆಂದರೆ ಮಾಳಿಗೆಯ ಮೇಲಿನ ನೀರಿನ ಟಾಕಿ ಹತ್ತಿ ಕೂರಬೇಕು. ಹತ್ತಿ ಕೂತರೂ ಕಚೇರಿಗೆ ಕಳಿಸಿದ ನಕ್ಷೆ ಅರ್ಧ ಹೋಗಿ ನಿಂತುಬಿಡುತ್ತದೆ. ಅದೇ ಲ್ಯಾಪ್‌ಟಾಪನ್ನು ಕೋಣೆಯಲ್ಲಿ ತೆರೆದರೆ ಪರದೆಯ ಮೂಲೆಯಲ್ಲಿ ಒಂದು ವೈಫೈ ತುಂಬು ಗೆರೆಗಳೊಂದಿಗೆ ಕಾಣುತ್ತದೆ, ಮಗ್ಗುಲಲ್ಲಿ ಬೀಗದ ಗುರುತು. ಕ್ಲಿಕ್ ಮಾಡಿದರೆ ಖಾಲಿ ಪಟ್ಟಿಯೊಂದು ತೆರೆದುಕೊಂಡು ಪಾಸ್‌ವರ್ಡ್ ಕೇಳುತ್ತದೆ. ಅದು ಕೆಳಗಿನ ಮನೆಯ ವೈಫೈ.

2

ಹಾಲವ್ವನಿಗೆ ಐವತ್ತರ ಆಸುಪಾಸು. ಗಂಡನದು ರೈತರ ಬೆಲ್ಲವನ್ನು ಕಮಿಷನ್ ಮೇಲೆ ಮಾರಿಸಿಕೊಡುವ ಅಡತಿ ಅಂಗಡಿ. ಬೇರೆ ಪೇಟೆಗಳ ಧಾರಣೆಯನ್ನು ಮನೆಯಲ್ಲೇ ಕೂತು ನೋಡಬೇಕೆಂದು ಅವರು ವೈಫೈ ಹಾಕಿಸಿದ್ದರು. ಹೋದ ಮಳೆಗಾಲದಲ್ಲಿ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಮಕ್ಕಳಿಲ್ಲ. ಅಂಗಡಿ ಈಗ ಮೈದುನನ ಕೈಯಲ್ಲಿದೆ. ಬಿಲ್ಲು ಅಂಗಡಿಯ ಲೆಕ್ಕದಲ್ಲೇ ಹೋಗುತ್ತಿರುವುದರಿಂದ ವೈಫೈ ತೆಗೆಸುವ ನೆನಪು ಯಾರಿಗೂ ಆಗಿಲ್ಲ. ಪಡಸಾಲೆಯಲ್ಲಿ ಆ ಡಬ್ಬಿ ಹಸಿರು ದೀಪ ಮಿಣುಕಿಸುತ್ತ ಕೂತಿದೆ. ಹಾಲವ್ವ ಅದನ್ನು ದಿನಾ ಒರೆಸುತ್ತಾಳೆ, ಮಹಾನವಮಿಗೆ ವಿಭೂತಿ ಹಚ್ಚಿದ್ದಳು. ಮನೆ ತುಂಬ ನೆಟ್‌ವರ್ಕ್ ಇದೆ, ಅದಕ್ಕೆ ಕೂಡಿಕೊಂಡವರು ಯಾರೂ ಇಲ್ಲ. (ಈ ವಾಕ್ಯ ಬರೆದು ನಾನೇ ತಲೆದೂಗಿದೆ. ನಾಚಿಕೆಯಾಗಬೇಕು ನನಗೆ.)

2, ಇನ್ನೊಮ್ಮೆ

ಮೇಲಿನದು ಬರೀ ವಿವರ. ಏನಾದರೂ ಆಗಬೇಕಲ್ಲ? ಆಗಿಸುತ್ತೇನೆ.

ಒಂದು ಸಂಜೆ ದಶರಥ ಲ್ಯಾಪ್‌ಟಾಪನ್ನು ಎದೆಗವುಚಿಕೊಂಡು ಕೆಳಗಿಳಿದ. ನಾಳೆಯೊಳಗೆ ನಕ್ಷೆ ಕಳಿಸಬೇಕಿದೆ, ವೈಫೈ ಸ್ವಲ್ಪ ಕೊಡಬಹುದೇ ಎಂದು ಸಂಕೋಚದಿಂದಲೇ ಕೇಳಿದ. ಅದಕ್ಕೇನಂತೆ, ಅದು ಸುಮ್ಮನೆ ಉರಿಯುತ್ತಿದೆ ಎಂದಳು ಹಾಲವ್ವ. ಅವನು ಪಾಸ್‌ವರ್ಡ್ ಕೇಳಿದ.

"ನಮ್ಮ ಮನಿಯವರ ಹೆಸರ ಐತ್ರಿ," ಎಂದಳು.

"ಏನ್ರಿ ಅವರ ಹೆಸರು?"

ಹಾಲವ್ವ ಸೆರಗಿನ ತುದಿ ನೋಡಿಕೊಂಡಳು, ಚಹಾ ತರುತ್ತೇನೆಂದು ಒಳಗೆ ಹೋದಳು. ದಶರಥನಿಗೆ ಕೂಡಲೇ ಹೊಳೆಯಿತು. ಅವನ ತಾಯಿಯೂ ಗಂಡನ ಹೆಸರು ಹೇಳುವವಳಲ್ಲ. ಗಂಡ ತೀರಿಕೊಂಡಾಕೆಯನ್ನೇ ಹೆಸರು ಕೇಳಿದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡು, ಸದ್ದಿಲ್ಲದೆ ಮೆಟ್ಟಿಲು ಹತ್ತಿದ. ಹಾಲವ್ವ ಚಹಾ ಹಿಡಿದು ಹೊರಗೆ ಬಂದಾಗ ಪಡಸಾಲೆಯಲ್ಲಿ ಯಾರೂ ಇರಲಿಲ್ಲ.

ಒಳ್ಳೆಯ ಹುಡುಗ. ಅವನ ಒಳ್ಳೆಯತನದಿಂದಲೇ ಕಥೆ ಕೆಟ್ಟಿತು.

(ಇಲ್ಲಿ ನೀವು ಕೈ ಎತ್ತಿದ್ದು ಕಂಡಿತು. ಆಕೆ ಒಂದು ಚೀಟಿಯಲ್ಲಿ ಬರೆದುಕೊಡಬಹುದಿತ್ತಲ್ಲ? ಕೊಡಬಹುದಿತ್ತು. ಕಟ್ಟಳೆ ಬಾಯಿಗೆ ಮಾತ್ರ, ಕೈಗಿಲ್ಲ. ಓಣಿಯಲ್ಲಿ ಯಾರನ್ನು ಕೇಳಿದರೂ ಅವರ ಹೆಸರು ಹೇಳುತ್ತಿದ್ದರಲ್ಲ? ಹೇಳುತ್ತಿದ್ದರು. ನೀವು ಜಾಣರು. ಆದರೆ ಹಾಲವ್ವನಿಗೂ ಇದೆಲ್ಲ ಗೊತ್ತಿತ್ತು ಎಂಬುದನ್ನು ಮರೆಯುತ್ತಿದ್ದೀರಿ.)

4

(ಮೂರನೆಯದನ್ನು ಹರಿದು ಹಾಕಿದೆ. ಅದರಲ್ಲಿ ದಶರಥನಿಗೆ ಬ್ಯಾರೇಜಿನ ಮೇಲೊಬ್ಬಳು ಹುಡುಗಿ ಸಿಗುತ್ತಿದ್ದಳು. ಅವನು ಖುಷಿಯಾಗಿದ್ದ, ಕಥೆ ಸತ್ತಿತ್ತು.)

ಈ ಕಡೆಯವರಲ್ಲದವರಿಗೆ ಒಂದು ಮಾತು. ಇಲ್ಲಿ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆಂದು ಹಟ ಹಿಡಿಯುತ್ತಾರೆ. ಆಗ ಒಂದು ಒಡಪು ಕಟ್ಟಿ, ಪ್ರಾಸದ ನಡುವೆ ಗಂಡನ ಹೆಸರು ಸೇರಿಸಿ ಹೇಳಬೇಕು. ಕೇಳಿದ ಕೂಡಲೇ ಹೇಳಿದರೆ ಅದಕ್ಕೊಂದು ಮಾನವಿಲ್ಲ. ಮೊದಲ ಸಲ ಸುಮ್ಮನಿರಬೇಕು, ಇಲ್ಲವೇ ಒಳಗೆ ಓಡಬೇಕು. ಎರಡನೆಯ ಸಲಕ್ಕೆ ಒಲ್ಲೆ ಎನ್ನಬೇಕು. ಎಲ್ಲರೂ ಬೆನ್ನು ಹತ್ತಿದ ಮೇಲೆಯೇ ಬಾಯಿ ಬಿಡಬೇಕು.

ಅಂದರೆ ಹಾಲವ್ವ ಚಹಾ ತರಲು ಹೋದದ್ದು ಮುನಿಸಿನಿಂದಲ್ಲ, ಸಂಕಟದಿಂದಲೂ ಅಲ್ಲ. ರೂಢಿಯ ಪ್ರಕಾರ ಮೊದಲ ಸಲ ಒಳಗೆ ಓಡಿದ್ದಳು. ಹೊರಗೆ ಬಂದಾಗ ಅವನು ಇನ್ನೊಮ್ಮೆ ಕೇಳುತ್ತಾನೆ ಎಂದುಕೊಂಡಿದ್ದಳು. ಒಲೆಯ ಮುಂದೆ ನಿಂತು ಒಡಪು ಕಟ್ಟಿಕೊಳ್ಳುತ್ತಿದ್ದಳು.

ಒಡಪಿಗೆ ಓಣಿಯಲ್ಲಿ ಅವಳೇ ಮುಂದು. ಒಮ್ಮೆ ಹೇಳಿದ್ದನ್ನು ಮತ್ತೊಮ್ಮೆ ಹೇಳಿದವಳಲ್ಲ. ವೈಫೈ ಜೋಡಿಸಲು ಬಂದವನು ಪಾಸ್‌ವರ್ಡ್ ಏನಿಡಲಿ ಎಂದಾಗ ಗಂಡ ತನ್ನ ಹೆಸರನ್ನೇ ಇಡಿಸಿ, ಇವಳ ಕಡೆ ತಿರುಗಿ, ಇನ್ನು ಮೇಲೆ ಬಂದವರಿಗೆಲ್ಲ ನೀನೇ ಹೇಳಬೇಕು ನೋಡು ಎಂದು ನಕ್ಕಿದ್ದರು. ಅವರು ಹೋದ ಮೇಲೆ ಹೆಂಗಸರು ಇವಳನ್ನು ಊಟಕ್ಕೆ ಕರೆಯುತ್ತಾರೆ, ಬಾಗಿಲಲ್ಲಿ ಮಾತ್ರ ನಿಲ್ಲಿಸುವುದಿಲ್ಲ. ನೋವಾದೀತು ಎಂದು ಯಾರೂ ಹೆಸರು ಕೇಳುವುದಿಲ್ಲ. ಮೈದುನ ಅಂಗಡಿಯ ಬೋರ್ಡಿಗೆ ತನ್ನ ಮಗನ ಹೆಸರು ಬರೆಸಿದ್ದಾನೆ. ಓಣಿಯವರಿಗೆ ಅವರು 'ತೀರಿಕೊಂಡ ಸಾವುಕಾರ್ರು'. ಯಾರೂ ಕೇಳದೆ ತಾನಾಗಿ ಹೇಳುವಂತಿಲ್ಲ. ಹೀಗಾಗಿ ಅವಳಿಗೆ ತುಂಬ ಬೇಕಾದ ಒಂದು ಹೆಸರು ಈಗ ಊರಲ್ಲಿ ಯಾರ ಬಾಯಲ್ಲೂ ಇಲ್ಲ. ಅವಳಿಗೆ ಬೇಕಾದದ್ದು ಇಷ್ಟೇ, ಯಾರಾದರೂ ಇನ್ನೊಂದು ಸಲ ಕೇಳಬೇಕು.

ಕೊನೆ, ಒಂದನೆಯದು

ದಶರಥ ಪಾನ್ ಅಂಗಡಿಯ ಪರಸಪ್ಪನನ್ನು ಕೇಳಿದ. ಪರಸಪ್ಪ ಎಲೆಗೆ ಸುಣ್ಣ ಸವರುತ್ತಲೇ ಹೆಸರು ಹೇಳಿದ. ದಶರಥ ಕೋಣೆಗೆ ಬಂದು ಟೈಪ್ ಮಾಡಿದ. 'ಕನೆಕ್ಟೆಡ್' ಎಂದು ಬಂತು. ನಕ್ಷೆ ಹೋಯಿತು. ಕೆಳಗೆ ಡಬ್ಬಿಯ ಇನ್ನೊಂದು ದೀಪ ಕುಣಿಯತೊಡಗಿತು. ಯಾರೋ ಒಳಗೆ ಬಂದರು, ತನ್ನನ್ನು ಕೇಳದೆಯೇ ಬಂದರು ಎಂದು ಹಾಲವ್ವನಿಗೆ ಗೊತ್ತಾಯಿತು.

ನಿಜ ಜೀವನದಲ್ಲಿ ಆಗುವುದು ಹೀಗೆಯೇ. ಯಾರ ತಪ್ಪೂ ಇಲ್ಲ. ಇದನ್ನೇ ಇಟ್ಟುಕೊಂಡು ಕೈ ತೊಳೆದುಕೊಳ್ಳೋಣ ಎಂದಿದ್ದೆ. ಹಾಲವ್ವ ಓದಿ, ಹರಿಯಿರಿ ಎಂದಳು. ಹರಿದೆ.

ಕೊನೆ, ಎರಡನೆಯದು

ಹಾಲವ್ವ ಒಡಪು ಹೇಳುತ್ತಾಳೆ:

ಗಾಣದ ಮನಿಯಾಗ ಕುದಿತೈತಿ ಕಬ್ಬಿನ ಹಾಲ,
ಅಡತ್ಯಾಗ ಕುಂತಾರ ........, ನಾ ಕಾಯತೇನಿ ಬಾಗಿಲ.

ನನಗೆ ಭಾರಿ ಖುಷಿಯಾಯಿತು. ಅವಳು ಮೂಗು ಮುರಿದಳು. ಬೆಲ್ಲದ ಸಾವುಕಾರನ ಹೆಂಡತಿ ಎಂದರೆ ಕಬ್ಬು, ಗಾಣ ತಂದು ಸುರಿಯಬೇಕೇ, ತನ್ನ ಒಡಪು ತಾನೇ ಕಟ್ಟುತ್ತೇನೆ ಎಂದಳು. ಆಮೇಲೆ ಚುಕ್ಕಿಗಳ ಮೇಲೆ ಬೆರಳಿಟ್ಟಳು.

"ಇಲ್ಲೇನ್ರಿ ಇದು? ನೀವೂ ಅವರಿಗಿ ಹೆಸರ ಇಟ್ಟಿಲ್ಲ?"

ನಿಜ, ಇಟ್ಟಿರಲಿಲ್ಲ. ದಶರಥನಿಗಿಟ್ಟೆ, ಪಾನ್ ಅಂಗಡಿಯವನಿಗೂ ಇಟ್ಟೆ. ಈ ಕಥೆಗೆ ಬೀಗದ ಕೈಯಾದ ಮನುಷ್ಯನನ್ನು ಮೊದಲಿಂದ ಕೊನೆಯವರೆಗೆ 'ಗಂಡ' ಎಂದೇ ಕರೆದುಕೊಂಡು ಬಂದಿದ್ದೇನೆ. ಪಾಸ್‌ವರ್ಡಿಗೆ ಕಡಿಮೆಯೆಂದರೂ ಎಂಟು ಇಂಗ್ಲಿಷ್ ಅಕ್ಷರ ಬೇಕು, ಉದ್ದನೆಯದೊಂದು ಹೆಸರು ಈಗಲೇ ಹುಡುಕುತ್ತೇನೆ ಎಂದೆ.

"ಹುಡುಕಬ್ಯಾಡ್ರಿ. ನನ್ನ ಕಡೆ ಐತಿ."

ಕೊನೆ, ಮೂರನೆಯದು

ಇದು ಸುಲಭ. ದಶರಥ ಮತ್ತೆ ಕೆಳಗಿಳಿದು ಬಂದು ಕೇಳಬೇಕು, ಅಷ್ಟೇ. ಟಾಕಿಯ ಮೇಲೆ ಡಾಂಗಲ್ ಹಿಡಿದು ಕೂತವನನ್ನು ಕರೆದೆ. ಬರಲಿಲ್ಲ. ಗದರಿಸಿದೆ, ಬೇಕಾದರೆ ನಿನ್ನ ಹೆಸರು ಬದಲಾಯಿಸುತ್ತೇನೆ ಎಂದು ಆಸೆ ತೋರಿಸಿದೆ.

"ಸರ್, ಗಂಡ ಹೋದ ಹೆಣ್ಣಮಗಳಿಗಿ ಹೆಸರ ಹೇಳ್ರಿ ಅಂತ ನಾ ಹೆಂಗ ಗಂಟ ಬೀಳ್ಲಿ?" ಎಂದ.

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಓಣಿಯ ಹೆಂಗಸರನ್ನು ಕರೆದರೆ ಅವರೂ ಹೀಗೇ ಅನ್ನುತ್ತಾರೆ. ಎಲ್ಲರೂ ಒಳ್ಳೆಯವರಾಗಿರುವ ಕಥೆಯಲ್ಲಿ ಒಬ್ಬ ಹೆಂಗಸು ಇಷ್ಟು ಒಂಟಿಯಾಗಿರುವುದು ನೋಡಿ ನನಗೆ ಬಹಳ ದುಃಖವಾಯಿತು. ನನ್ನ ಕೋಣೆಯೂ ಖಾಲಿ. ಬೆಳಗಿನಿಂದ ನನ್ನನ್ನು ಏನಾದರೂ ಕೇಳಿದ್ದು ಎಂದರೆ ಹರಿಯದೆ ಉಳಿದ ಪುಟಗಳನ್ನು ನಾನು ಟೈಪ್ ಮಾಡುವ ಈ ಲ್ಯಾಪ್‌ಟಾಪ್ ಒಂದೇ, ಫೈಲು ಸೇವ್ ಮಾಡಲೇ ಎಂದು.

ಸೇವ್ ಬೇಡ ಎಂದು ಒತ್ತಿ, ನಾನೇ ಹಾಲವ್ವನ ಪಡಸಾಲೆಗೆ ಹೋದೆ. (ಲೇಖಕ ಹೀಗೆ ಕಥೆಯೊಳಗೆ ಕಾಲಿಡುವುದು ಹಳೆಯ ಗಿಮಿಕ್ಕು ಎನ್ನುವವರು ಅನ್ನಲಿ. ಬೇರೆ ಯಾರು ಹೋಗುತ್ತಿದ್ದರು?)

ಹಾಲವ್ವ ಡಬ್ಬಿ ಒರೆಸುತ್ತಿದ್ದಳು.

"ಹೆಸರ ಹೇಳ್ರಿ, ಅಕ್ಕಾರ," ಎಂದೆ.

ಕೇಳಿಸಲಿಲ್ಲ ಎಂಬಂತೆ ಒಳಗೆ ಹೋದಳು. ದಶರಥನ ಹಾಗೆ ನಾನು ಎದ್ದು ಹೋಗಲಿಲ್ಲ. ಕೂತೇ ಇದ್ದೆ. ಚಹಾ ತಂದಿಟ್ಟಳು. ಎರಡನೆಯ ಸಲ ಕೇಳಿದೆ.

"ಒಲ್ಲೆರಿ. ಈಗೆಲ್ಲಿ ನೆನಪಾಗತಾವು ಒಡಪ?" ಎಂದಳು. ಆದರೆ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಆತು ನಿಂತಳು, ಸೆರಗು ತಲೆಯ ಮೇಲೆ ಸರಿಮಾಡಿಕೊಂಡಳು, ಗಂಟಲು ಸರಿಮಾಡಿಕೊಂಡಳು. ತುಟಿಗಳು ಅಲುಗುತ್ತಿದ್ದವು. ಪ್ರಾಸ ಕೂಡಿಸಿಕೊಳ್ಳುತ್ತಿದ್ದಳು.

ಇಲ್ಲಿಂದ ಮುಂದೆ ನಾನು ಬರೆಯುವುದಿಲ್ಲ. ಹೆಸರು ನನಗೆ ಗೊತ್ತಿಲ್ಲ, ಒಡಪು ಅವಳದು. ಅಲ್ಲದೆ ಮೂರನೆಯ ಸಲ ಒಬ್ಬರೇ ಕೇಳುವ ಪದ್ಧತಿ ಇಲ್ಲ, ಮಂದಿ ಕೂಡಿ ಕೇಳಬೇಕು. ಅವಳು ನನ್ನ ಹೆಗಲಾಚೆ ನೋಡುತ್ತಿದ್ದಾಳೆ, ಇನ್ನು ಯಾರಿದ್ದಾರೆ ಎಂದು. ನೀವು ಇಷ್ಟು ಹೊತ್ತು ಇಲ್ಲೇ ಇದ್ದೀರಿ. ಕೇಳಿ.