ನಲ್ಲಿ ಯಾವ ಕಡೆಗಿತ್ತು

ನನ್ನ ಗಂಡ ನೆವಿಲ್ ಶೆಡ್ಡಿನಲ್ಲಿ ಅಪ್ಪನ ಟ್ರ್ಯಾಕ್ಟರನ್ನು ಬಿಚ್ಚತೊಡಗಿದ ಮೇಲೆ ನಾನು ಅವನಿಗೆ ಚಹಾ ಕೊಡಲು ಹೋದಾಗೆಲ್ಲ ಬಲಗಡೆಯಿಂದಲೇ ಹೋಗುತ್ತಿದ್ದೆ. ಅಡುಗೆಮನೆಯ ಬಾಗಿಲಿನಿಂದ ನೇರ ನಡೆದರೆ ಸಿಗುವುದು ಟ್ರ್ಯಾಕ್ಟರಿನ ಎಡಮಗ್ಗುಲು. ನಾನು ಮಾತ್ರ ಹಳೆಯ ಸೈಕಲ್ಲು, ಖಾಲಿ ಆಲೂಗಡ್ಡೆ ಚೀಲಗಳನ್ನು ದಾಟಿ, ಹಿಂದಿನಿಂದ ಸುತ್ತು ಹಾಕಿ, ಅರ್ಧ ಚಹಾ ಚೆಲ್ಲಿಕೊಂಡು ಹೋಗಿ ನಿಲ್ಲುತ್ತಿದ್ದೆ.

"ಆ ಕಡೆ ನಾನೇನು ನಾಯಿ ಕಟ್ಟಿಹಾಕಿದೀನಾ?" ಎಂದು ಕೇಳಿದ ಒಂದು ದಿನ.

"ಈ ಕಡೆ ಬೆಳಕು ಚೆನ್ನಾಗಿದೆ."

"ಬೆಳಕು ನಿನಗ್ಯಾಕೆ ಮೇವಿಸ್? ಬಂದಿರೋದು ಟೀ ಕೊಡೋಕೆ ತಾನೆ? ಅದೂ ಮುಕ್ಕಾಲು ಪಾಲು ನೆಲಕ್ಕೇ ಕುಡಿಸಿದೀಯ."

ಎಡಗಡೆಯಲ್ಲಿ, ಟ್ಯಾಂಕಿನ ಅಡಿಗೆ, ಹಿತ್ತಾಳೆಯ ಒಂದು ನಲ್ಲಿ ಇತ್ತು. ಅದನ್ನು ನೋಡಲು ನನಗೆ ಭಯ.

ನಮ್ಮ ಕಡೆಯ ನೆಲ ಕಪ್ಪು, ಮೆತ್ತಗೆ, ಮೇಜಿನ ಹಾಗೆ ಸಮತಟ್ಟು. ಚಳಿಗಾಲದಲ್ಲಿ ಗಾಲಿಯ ಟ್ರ್ಯಾಕ್ಟರು ಇಳಿದರೆ ಹೂತುಹೋಗುತ್ತದೆ. ಅದಕ್ಕೇ ಅಪ್ಪ ಕಬ್ಬಿಣದ ಚೈನುಗಳ ಮೇಲೆ ತೆವಳಿಕೊಂಡು ಹೋಗುವ ಟ್ರ್ಯಾಕ್ಟರು ಇಟ್ಟುಕೊಂಡಿದ್ದ. ಅದರ ಎಂಜಿನ್ ಪೆಟ್ರೋಲಿನಲ್ಲಿ ಶುರುವಾಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಯಲ್ಲಿ ಓಡುವಂಥದು. ನಲ್ಲಿಯ ಹಿಡಿಯನ್ನು ಸಣ್ಣ ಕೊಳವೆಯ ಕಡೆ ತಿರುಗಿಸಿದರೆ ಪೆಟ್ರೋಲು, ದಪ್ಪ ಕೊಳವೆಯ ಕಡೆ ತಿರುಗಿಸಿದರೆ ಸೀಮೆಎಣ್ಣೆ. ದಿನದ ಕೆಲಸ ಮುಗಿಸಿ ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸಿ, ಒಳಗಿನ ಸೀಮೆಎಣ್ಣೆಯೆಲ್ಲ ಉರಿದುಹೋಗುವ ತನಕ ಓಡಿಸಬೇಕು. ಮರೆತರೆ ಮರುದಿನ ಬೆಳಿಗ್ಗೆ ತಣ್ಣಗಾದ ಎಂಜಿನ್ ಏಳುವುದಿಲ್ಲ, ಎಷ್ಟು ಹ್ಯಾಂಡಲ್ ಹೊಡೆದರೂ ಅಷ್ಟೆ. ಆದರೆ ಸ್ವಲ್ಪ ಹೊತ್ತಿಗೆಂದು ನಿಲ್ಲಿಸುವಾಗ ಯಾರೂ ನಲ್ಲಿ ಮುಟ್ಟುವುದಿಲ್ಲ. ಎಂಜಿನ್ ಇನ್ನೂ ಬಿಸಿಯಿರುತ್ತದೆ. ಬಂದು ಒಂದು ಹ್ಯಾಂಡಲ್ ಹೊಡೆದರೆ ಎದ್ದುಬಿಡುತ್ತದೆ.

ಸಂಜೆ ನಲ್ಲಿ ತಿರುಗಿಸುವ ಕೆಲಸ ನನ್ನದಾಗಿತ್ತು. ಶಾಲೆಯಿಂದ ಬಂದವಳೇ ಹೊಲದ ಬದುವಿನ ಮೇಲೆ ಓಡುತ್ತಿದ್ದೆ. ಅಪ್ಪ ಮೇಲಿನಿಂದ "ಪೆಟ್ರೋಲಿಗೆ!" ಎಂದು ಕೂಗುತ್ತಿದ್ದ. ನಾನು ಎರಡೂ ಕೈಯಿಂದ ಹಿಡಿ ತಿರುಗಿಸುತ್ತಿದ್ದೆ. ಆಮೇಲೆ ಇಬ್ಬರೂ ಸುಮ್ಮನೆ ಕಾಯುತ್ತಿದ್ದೆವು. ಒರಟಾಗಿ ಬಡಿದುಕೊಳ್ಳುತ್ತಿದ್ದ ಎಂಜಿನ್ನಿನ ದನಿ ಒಂದು ಗಳಿಗೆಯಲ್ಲಿ ಮೆತ್ತಗಾಗುತ್ತಿತ್ತು. "ಬಂತು," ಎನ್ನುತ್ತಿದ್ದ ಅಪ್ಪ. ಅಷ್ಟೇ ಮಾತು. ಅವನು ಮಾತು ಕಡಿಮೆಯ ಮನುಷ್ಯ. ಆ ಕೊನೆಯ ಚಳಿಗಾಲದಲ್ಲಿ ಇನ್ನೂ ಕಡಿಮೆಯಾಗಿತ್ತು.

ನನಗೆ ದಡಾರ ಎದ್ದು ಮಲಗಿದ್ದ ವಾರ ಅಪ್ಪ ಸಾಲಿನ ನಡುವೆ ಟ್ರ್ಯಾಕ್ಟರು ನಿಲ್ಲಿಸಿ ಕಾಲುವೆಯ ಏರಿಯ ಕಡೆ ನಡೆದುಹೋದ. ಮರುದಿನ ತೂಬಿನ ಹತ್ತಿರ ನೀರಿನಲ್ಲಿ ಹೆಣವಾಗಿ ಸಿಕ್ಕಿದ. ರೇಡಿಯೇಟರಿಗೆ ನೀರು ತರಲು ಹೋಗಿ ಜಾರಿದನೆಂದು ಕೆಲವರು ಹೇಳಿದರು. ಹಾಗಾದರೆ ನೀರಿನ ಡಬ್ಬಿ ಎಲ್ಲಿ ಎಂದು ಬೇರೆಯವರು ಕೇಳಿದರು. ಡಬ್ಬಿ ಸಿಗಲಿಲ್ಲ. ವಿಚಾರಣೆ ನಡೆಸಿದ ಅಧಿಕಾರಿ ಸಾವು ಹೇಗಾಯಿತೆಂದು ಹೇಳಲಾಗದು ಎಂದು ಬರೆದ. ಅವನು ಹೇಳದೆ ಬಿಟ್ಟದ್ದನ್ನು ಊರು ಪಿಸುಮಾತಿನಲ್ಲಿ ಹೇಳಿಕೊಂಡಿತು. ಆ ಬೆಳಿಗ್ಗೆ ಅಪ್ಪ ಅಮ್ಮನಿಗೆ ಜಗಳವಾಗಿತ್ತು. ಗೋಡೆಯಾಚೆ ಮಲಗಿದ್ದ ನನಗೆ ದನಿಗಳು ಕೇಳಿದ್ದವು, ಮಾತು ತಿಳಿದಿರಲಿಲ್ಲ.

ಪಕ್ಕದ ಹೊಲದ ಟೆಬ್ ತನ್ನ ಕುದುರೆಗಳಿಂದ ಟ್ರ್ಯಾಕ್ಟರನ್ನು ಎಳೆಸಿ ತಂದು ಶೆಡ್ಡಿಗೆ ಸೇರಿಸಿದ. ಅಮ್ಮ ಬೀಗ ಹಾಕಿದಳು.

ನಲ್ಲಿ ದಪ್ಪ ಕೊಳವೆಯ ಕಡೆಗಿದ್ದರೆ ಅಪ್ಪ ಬೇಗ ತಿರುಗಿ ಬರುವೆನೆಂದು ಹೋದವನು. ಸಣ್ಣ ಕೊಳವೆಯ ಕಡೆಗಿದ್ದರೆ, ಸಾಲು ಅರ್ಧಕ್ಕೇ ಬಿಟ್ಟು, ಕೆಲಸ ಮುಗಿಯಿತೆಂದು ಎಲ್ಲವನ್ನೂ ಕ್ರಮವಾಗಿ ಮಾಡಿ ಹೋದವನು. ಇದು ನನಗೆ ಹೊಳೆದದ್ದು ಕಾಲೇಜಿನಲ್ಲಿದ್ದಾಗ, ಬಸ್ಸಿನಲ್ಲಿ ಕೂತಿದ್ದಾಗ. ಅಂದಿನಿಂದ ಆ ಶೆಡ್ಡಿನ ಬೀಗದ ಕೈಯನ್ನು ನಾನು ಕೇಳಲಿಲ್ಲ. ಗೊತ್ತಿಲ್ಲದಿರುವುದರಲ್ಲಿ ಅರ್ಧ ಅಪ್ಪನಾದರೂ ನನ್ನ ಪಾಲಿಗಿದ್ದ.

ನೆವಿಲ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಕೈ ಸುಮ್ಮನಿರದು. ಈ ವಸಂತದಲ್ಲಿ ಅಮ್ಮ ತಾನಾಗಿಯೇ ಬೀಗದ ಕೈಯನ್ನು ಅವನ ತಟ್ಟೆಯ ಪಕ್ಕ ಇಟ್ಟಳು. "ಓಡೋ ಹಾಗೆ ಮಾಡು, ಇಲ್ಲ ಗುಜರಿಗೆ ಹಾಕು. ಆ ಶೆಡ್ಡಿನ ಮೇಲೆ ಬೆಳೆಯೋ ಮುಳ್ಳು ಸವರಿ ಸವರಿ ನನಗೆ ಸಾಕಾಗಿದೆ," ಎಂದಳು. ನಲ್ಲಿಯ ವಿಷಯ ನಾನು ಇಬ್ಬರಿಗೂ ಹೇಳಿರಲಿಲ್ಲ. ಹೇಳಿದರೆ ಅದು ಎಲ್ಲರೂ ನೋಡುವ ವಸ್ತುವಾಗಿಬಿಡುತ್ತದೆ.

ಅವನು ಮೊದಲು ಚೈನುಗಳಿಗೆ ಕೈ ಹಾಕಿದ. ಒಂದೊಂದು ಪಿನ್ನನ್ನೂ ಕಾಯಿಸಿ, ಸುತ್ತಿಗೆಯಿಂದ ಬಡಿದು ಹೊರಡಿಸಿದ. ಸಿಲಿಂಡರುಗಳಿಗೆ ಡೀಸೆಲ್ ಸುರಿದು ವಾರಗಟ್ಟಲೆ ನೆನೆಸಿಟ್ಟ. ಪ್ರತಿ ವಾರವೂ ಅವನು ಆ ನಲ್ಲಿಗೆ ಒಂದಿಷ್ಟು ಹತ್ತಿರವಾಗುತ್ತಿದ್ದ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವನು ಎಡಗಡೆಗೆ ಬಾಗಿದರೆ ನನ್ನ ಕೈಯ ತಟ್ಟೆ ನೀರಲ್ಲೇ ನಿಲ್ಲುತ್ತಿತ್ತು.

ಟೆಬ್ ಕೋಲೂರಿಕೊಂಡು ಬಂದು ತಲೆಕೆಳಗಾದ ಬಕೆಟ್ಟಿನ ಮೇಲೆ ಕೂರುತ್ತಿದ್ದ. ಎಂಬತ್ತು ದಾಟಿದೆ, ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ.

"ಏಳಲ್ಲ ಇದು," ಎಂದ ಒಂದು ಮಧ್ಯಾಹ್ನ. "ಆವತ್ತೇ ಏಳಲಿಲ್ಲ. ಈಗ ಏಳುತ್ತಾ?"

"ನಿಮ್ಮ ಕುದುರೆಗಳು ಈಗ ಏಳುತ್ತಾವಾ?" ಎಂದ ನೆವಿಲ್.

"ನನ್ನ ಕುದುರೆಗಳು ಸಾಯೋ ದಿನದ ತನಕ ಒಂದು ಸಿಳ್ಳೆಗೆ ಏಳ್ತಿದ್ವು ಕಣಯ್ಯಾ. ಹ್ಯಾಂಡಲ್ ಕೇಳಿದ್ವಾ? ಇದಕ್ಕೆ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಹೊಡೆದಿದೀನಿ. ಭುಜ ಕಿತ್ತು ಬಂತು. ಒಂದು ಸಲ ಕೆಮ್ಮಲಿಲ್ಲ ನನ್ನ ಮಗಂದು."

ಕೈಯಲ್ಲಿದ್ದ ಬಿಸ್ಕತ್ತಿನ ತಟ್ಟೆಯನ್ನು ಕೆಳಗಿಟ್ಟೆ. ಇಷ್ಟು ವರ್ಷ ಈ ಮನುಷ್ಯ ನಮ್ಮ ಪಕ್ಕದಲ್ಲೇ ಇದ್ದಾನೆ. ನಾನು ಕೇಳಿಯೇ ಇರಲಿಲ್ಲ.

"ಟೆಬ್ ಅಂಕಲ್," ಎಂದೆ. "ಹೊಡೆಯೋಕೆ ಮುಂಚೆ ನಲ್ಲಿ ತಿರುಗಿಸಿದ್ರಾ?"

"ಯಾವ ನಲ್ಲಿ?"

"ಪೆಟ್ರೋಲಿನದು. ಟ್ಯಾಂಕಿನ ಕೆಳಗೆ ಇತ್ತಲ್ಲ."

"ಪೆಟ್ರೋಲು ಸುರಿಯೋ ಕಡೆ ಸುರಿದಿರ್ತಾರೆ, ನಾನ್ಯಾಕೆ ನಲ್ಲಿ ಮುಟ್ಟಲಿ? ಕೂಸೇ, ನನಗೆ ಗೊತ್ತಿದ್ದ ನಲ್ಲಿ ಒಂದೇ, ಅದು ಬಿಯರಿನದು."

ನೆವಿಲ್ ಜೋರಾಗಿ ನಕ್ಕ. ನಾನು ನಗಲಿಲ್ಲವೆಂದು ತಿಳಿದ ಮೇಲೆ ನಿಲ್ಲಿಸಿದ. ನನ್ನನ್ನೇ ನೋಡುತ್ತಾ, ಕೈಯೊರೆಸಿಕೊಳ್ಳುತ್ತಾ, ನಿಧಾನಕ್ಕೆ ಹೇಳಿದ: "ಆ ನಲ್ಲಿ ನಿನ್ನೆಯೇ ಬಿಚ್ಚಿದೆ. ತೊಟ್ಟಿಯಲ್ಲಿದೆ."

"ಅದನ್ನ... ತಿರುಗಿಸಿದೆಯಾ?"

"ತಿರುಗಿಸೋದಾ? ಕಚ್ಚಿಕೊಂಡು ಕೂತಿದೆ. ಆಚೆಗೂ ಇಲ್ಲ, ಈಚೆಗೂ ಇಲ್ಲ. ಅದಕ್ಕೇ ನೆನೆಹಾಕಿದ್ದು."

ತಗಡಿನ ತೊಟ್ಟಿ ಬಾಗಿಲ ಪಕ್ಕದಲ್ಲಿತ್ತು. ಚಿಕ್ಕವಳಿದ್ದಾಗ ನನಗೆ ಸ್ನಾನ ಮಾಡಿಸುತ್ತಿದ್ದ ತೊಟ್ಟಿ. ಅಂಗಿಯ ತೋಳು ಮಡಿಸಿ ಡೀಸೆಲ್ಲಿಗೆ ಕೈ ಹಾಕಿದೆ. ನಟ್ಟುಗಳು, ಒಂದು ಸ್ಪ್ರಿಂಗು, ಆಮೇಲೆ ಅದು. ಕಣ್ಣಿಗಿಂತ ಮುಂಚೆ ಬೆರಳುಗಳಿಗೆ ಗುರುತು ಸಿಕ್ಕಿತು. ಹಿಡಿಯ ತುದಿ ಸವೆದು ನುಣುಪಾಗಿತ್ತು. ಬೆಳಕಿಗೆ ಎತ್ತಿ ಹಿಡಿದೆ. ಒಂದು ಬಾಯಿ ಸಣ್ಣದು, ಒಂದು ದಪ್ಪ. ಹಿಡಿ ದಪ್ಪ ಬಾಯಿಯ ಕಡೆಗಿತ್ತು.

ಇನ್ನೊಮ್ಮೆ ನೋಡಿದೆ. ತಲೆಕೆಳಗೆ ಹಿಡಿದಿಲ್ಲವಷ್ಟೆ ಎಂದು ತಿರುಗಿಸಿ ನೋಡಿದೆ. ಹೇಗೆ ಹಿಡಿದರೂ ದಪ್ಪ ಬಾಯಿಯ ಕಡೆಗೇ.

"ಸೀಮೆಎಣ್ಣೆಗೇ ಬಿಟ್ಟು ನಿಲ್ಲಿಸಿದಾರೆ ನಿಮ್ಮಪ್ಪ," ಎಂದ ನೆವಿಲ್ ನನ್ನ ಭುಜದ ಮೇಲಿನಿಂದ. "ಮರೆತಿರಬೇಕು." ಆಮೇಲೆ ಬೇರೆ ದನಿಯಲ್ಲಿ, "ಇಲ್ಲ. ಬರೋರಿದ್ರು," ಎಂದ.

ಟೆಬ್ ಕೋಲಿನ ತುದಿಯಿಂದ ನೆಲ ಕೆದಕುತ್ತಿದ್ದ. "ಯಾರಾದ್ರೂ ಆವತ್ತೇ ಹೇಳಬಾರದಿತ್ತಾ ನಲ್ಲಿ ಇದೆ ಅಂತ," ಎಂದು ಗೊಣಗಿದ. "ಭುಜ ಈಗಲೂ ಚಳಿಗೆ ಹಿಡ್ಕೊಳ್ಳುತ್ತೆ."

ಹಿತ್ತಾಳೆಯ ಒಂದು ತುಂಡು ಮನುಷ್ಯನ ಮನಸ್ಸಿಗೆ ಸಾಕ್ಷಿಯಾಗಲಾರದು ಎಂಬುದು ನನಗೆ ಗೊತ್ತು. ನಿಜವಾಗಿಯೂ ಮರೆತಿರಬಹುದು. ಏನೂ ಬೇಡವೆನಿಸಿದವನಿಗೆ ನಲ್ಲಿ ಯಾಕೆ ಬೇಕು ಎಂದೂ ಕೇಳಬಹುದು. ಇವನ್ನೆಲ್ಲ ಯೋಚಿಸುವುದು ನನ್ನ ಸ್ವಭಾವ. ತೊಟ್ಟಿಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಎಲ್ಲವನ್ನೂ ಯೋಚಿಸಿ ಮುಗಿಸಿದ್ದೆ. ಆದರೆ ಅಪ್ಪ ಒಂದು ಸಂಜೆಯೂ ಮರೆತದ್ದನ್ನು ನಾನು ಕಂಡಿರಲಿಲ್ಲ. ಜ್ವರದಲ್ಲಿ ನಡುಗುತ್ತಿದ್ದ ದಿನವೂ ಮರೆತಿರಲಿಲ್ಲ.

ಅಮ್ಮ ಮೇಜಿನ ಬಳಿ ಬಟಾಣಿ ಸುಲಿಯುತ್ತಿದ್ದಳು. ನಲ್ಲಿಯನ್ನು ಹಳೆಯ ಬಟ್ಟೆಯ ಮೇಲೆ ಅವಳ ಮುಂದಿಟ್ಟು, ಯಾವ ಕಡೆ ಇದ್ದರೆ ಏನೆಂದು ಹೇಳಿದೆ. ಸರಳ ಮಾತುಗಳಲ್ಲಿ, ಅವಳ ಮುಖವನ್ನೇ ನೋಡುತ್ತಾ. ಅವಳು ಬಟಾಣಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಡೀಸೆಲ್ ವಾಸನೆ. ಊಟದ ಮೇಜಿನ ಮೇಲೆ ತಂದಿಟ್ಟಿದೀಯಲ್ಲ," ಎಂದಳು.

"ಅಮ್ಮ."

"ಕೇಳಿಸ್ತು ಕಣೇ." ಇನ್ನೊಂದು ಕಾಯಿ ಒಡೆದಳು. "ಆವತ್ತು ಬೆಳಿಗ್ಗೆ ಜಗಳ ಆಡಿದ್ದು ಅವನ ಬೂಟಿಗೆ. ಕೆಸರು ಬೂಟು ಹಾಕ್ಕೊಂಡು ಇಲ್ಲೀ ತನಕ ಬಂದಿದ್ದ. ಮನೆ ಬೇಡದವನು ಹೊಲದಲ್ಲೇ ಇರು ಅಂತ ಅಂದುಬಿಟ್ಟೆ."

ನಾನು ಅವಳ ಎದುರಿನ ಕುರ್ಚಿಯಲ್ಲಿ ಕೂತೆ.

"ನನ್ನ ಮಾತಿಗೆ ಹೋದ ಅಂದ್ಕೊಂಡಿದ್ದೆ. ಅದಕ್ಕೇ ಕೋಪ. ಒಂದು ಮಾತಿಗೆ ಯಾರಾದ್ರೂ ಹೀಗೆ ಮಾಡ್ತಾರಾ ಅಂತ. ಸಮಾಧಿಗೆ ಒಂದು ಹೂವೂ ಇಡಲಿಲ್ಲ." ಅವಳ ಹೆಬ್ಬೆರಳು ನಲ್ಲಿಯ ಹಿಡಿಯ ಮೇಲೆ ಹೋಗಿ ನಿಂತಿತು. "ಇಷ್ಟು ವರ್ಷ ಆ ಮನುಷ್ಯನ ಮೇಲೆ ಮುನಿಸಿಕೊಂಡು ಕೂತಿದೀನಿ ಮೇವಿಸ್. ನೀರು ತರೋಕೆ ಹೋಗಿದ್ದ, ಅಷ್ಟೆ."

ಆಮೇಲೆ ಬಟಾಣಿಯ ಪಾತ್ರೆಯನ್ನು ನನ್ನ ಕಡೆ ತಳ್ಳಿ, ಕಣ್ಣೊರೆಸಿಕೊಳ್ಳದೆ, ಮುಖ ತೊಳೆಯಲು ಎದ್ದುಹೋದಳು.

ಎಂಜಿನ್ ಎದ್ದದ್ದು ಶರತ್ಕಾಲದಲ್ಲಿ, ಹೊರಗೆ ಬೀಟ್‌ಗೆಡ್ಡೆ ಕೀಳುವ ಕೆಲಸ ನಡೆಯುತ್ತಿದ್ದಾಗ. ಅಮ್ಮ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಟೆಬ್ ಏಳುವುದಿಲ್ಲವೆಂದು ಕೊನೆಯ ತನಕ ಹೇಳುತ್ತಿದ್ದ. ನೆವಿಲ್ ನಾಲ್ಕಾರು ಸಲ ಹ್ಯಾಂಡಲ್ ಹೊಡೆದ ಮೇಲೆ ಅದು ಒಮ್ಮೆ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ಆಮೇಲೆ ಓಡತೊಡಗಿತು. ಬಿಸಿಯಾದ ಮೇಲೆ ಅವನು ಸೀಮೆಎಣ್ಣೆಗೆ ತಿರುಗಿಸಿದ. ಆ ಒರಟು ದನಿ ಬಂದದ್ದೇ ಅಮ್ಮ ತಲೆ ಎತ್ತಿ ಬದುವಿನ ಕಡೆ ನೋಡಿದಳು. ನಾನೂ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.

ನೆವಿಲ್ ಅದನ್ನು ಗೇಟಿನ ತನಕ ತೆವಳಿಸಿ ತಂದ. ಅಮ್ಮ ಎದ್ದು, "ಟೀ ಹೊತ್ತಾಯ್ತು, ಬನ್ನಿ," ಎಂದಳು.

"ಮೇವಿಸ್, ಪೆಟ್ರೋಲಿಗೆ ತಿರುಗಿಸು," ಎಂದ ನೆವಿಲ್ ಮೇಲಿನಿಂದ.

ನಾನು ಈಗ ಎಡಗಡೆಯಲ್ಲೇ ನಿಂತಿದ್ದೆ. ನಲ್ಲಿಯ ಮೇಲೆ ಕೈಯಿಟ್ಟೆ. ತಿರುಗಿಸಲಿಲ್ಲ.

"ಹಾಗೇ ನಿಲ್ಲಿಸು," ಎಂದೆ. "ಟೀ ಕುಡಿದು ಬರೋಣ."

"ತಣ್ಣಗಾದ್ರೆ ನಾಳೆ ಹ್ಯಾಂಡಲ್ ನೀನೇ ಹೊಡೀಬೇಕು."

"ತಣ್ಣಗಾಗೋಕೆ ಬಿಡಲ್ಲ."

ಚಹಾ ಕುಡಿಯುವಾಗ ನಾನು ಬಾಗಿಲಿಗೆ ಮುಖ ಮಾಡಿ ಕೂತೆ. ತೆರೆದ ಬಾಗಿಲಿನಿಂದ ಟ್ರ್ಯಾಕ್ಟರು ಕಾಣುತ್ತಿತ್ತು, ಅದರ ಮೈಮೇಲಿನ ಗಾಳಿ ಬಿಸಿಗೆ ನಡುಗುತ್ತಿತ್ತು. ಯಾರಾದರೂ ಏರಿಯ ಕಡೆ ಹೋದರೆ ಕಾಣಬೇಕು ಎಂಬಂತೆ ನೋಡುತ್ತಿದ್ದೆ. ಟೆಬ್ ಎರಡನೆಯ ಕೇಕಿನ ತುಂಡಿಗೆ ಕೈ ಹಾಕಿದಾಗ ಎದ್ದು ಒಬ್ಬಳೇ ಹೊರಗೆ ಹೋದೆ.

ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಯಲ್ಲೇ ಇಡಬೇಕು. ಹ್ಯಾಂಡಲ್ ಹಿಂದಕ್ಕೆ ಹೊಡೆದರೆ ಹೆಬ್ಬೆರಳು ಮುರಿಯುತ್ತದೆ. ಅಪ್ಪ ಹೇಳಿಕೊಟ್ಟದ್ದು. ಇಟ್ಟುಕೊಂಡೆ. ಕೆಳಗಿನಿಂದ ಮೇಲಕ್ಕೆ ಒಮ್ಮೆ ಎಳೆದೆ. ಎದ್ದುಬಿಟ್ಟಿತು.

ಬಹಳ ಹೊತ್ತು ಓಡಲು ಬಿಟ್ಟೆ. ಅಪ್ಪ ಆವತ್ತು ತಿರುಗಿ ಬಂದಿದ್ದರೆ ಆ ಸಾಲು ಮುಗಿಸಲು ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟು ಹೊತ್ತು. ಬಿಸಿಲು ಇಳಿದು ಕಪ್ಪು ಹೊಲದ ಮೇಲೆ ಮಂಜು ಕೂರತೊಡಗಿತು. ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಒಳಗೆ ಕರೆಯಲಿಲ್ಲ.

ಆಮೇಲೆ ಹಿಡಿಯನ್ನು ಪೆಟ್ರೋಲಿಗೆ ತಿರುಗಿಸಿದೆ. ಒಂದು ಕೈ ಸಾಕಾಗುತ್ತಿತ್ತು. ಎರಡೂ ಕೈಯಿಂದ ತಿರುಗಿಸಿ, ದನಿ ಮೆತ್ತಗಾಗುವುದನ್ನು ಕಾಯುತ್ತಾ ನಿಂತೆ.