ಗೋಡೆಯ ಮೇಲಿನ ಕಪ್ಪು ಗುಂಡಿ

ನಮ್ಮ ಮನೆಯಲ್ಲಿ ದಿನಾ ಸಂಜೆ ಟಿಕ್, ಟಿಕ್ ಅಂತ ಒಂದು ಸದ್ದು ಇರ್ತಿತ್ತು. ಗಡಿಯಾರದ್ದಲ್ಲ, ನನ್ನ ಗಂಡನ ಪಿಸ್ತೂಲಿನದು. ಅದರಲ್ಲಿ ಗುಂಡು ಇರ್ತಿರಲಿಲ್ಲ ಬಿಡಿ. ಗುಂಡೆಲ್ಲ ಅವರ ಕೆಲಸದ ಜಾಗದ ಬೀರುವಿನಲ್ಲಿ, ಬೀಗದೊಳಗೆ. ಇವರು ಖಾಲಿ ಪಿಸ್ತೂಲನ್ನ ಗೋಡೆಗೆ ಹಿಡಿದು, ಉಸಿರು ಅರ್ಧ ಬಿಟ್ಟು, ಮೆಲ್ಲಗೆ ಟ್ರಿಗರ್ ಎಳೆಯೋರು. ಟಿಕ್. ಇನ್ನೊಂದು ಸಲ. ಟಿಕ್. ನಾನು ಅದೇ ಕೋಣೆಯ ಕಿಟಕಿ ಪಕ್ಕ ಹೊಲಿಗೆ ಮಿಷನ್ ಮುಂದೆ ಕೂತು ಯಾರದೋ ಕೋಟಿಗೆ ಕಾಲರ್ ಕೂರಿಸ್ತಾ ಇರ್ತಿದ್ದೆ. ತಲೆ ಚಿಟ್ಟು ಹಿಡಿಯದೆ ಇನ್ನೇನಾಗುತ್ತೆ ಹೇಳಿ.

ಇವರು ಶೂಟಿಂಗ್ ರೇಂಜಿನಲ್ಲಿ ಮೇಷ್ಟ್ರು. ಬ್ಯಾಂಕಿನ ವ್ಯಾನಿಗೆ ಕಾವಲು ಹೋಗೋ ಗಾರ್ಡುಗಳಿಗೆ ಪಿಸ್ತೂಲು ಹಿಡಿಯೋದು ಕಲಿಸ್ತಿದ್ರು. ಕಲಿಸೋರಿಗೂ ವರ್ಷಕ್ಕೊಂದು ಪರೀಕ್ಷೆ. ಅದರಲ್ಲಿ ಬಿದ್ರೆ ಮೇಷ್ಟ್ರ ಕೆಲಸ ಹೋಯ್ತು ಅಂತಲೇ. ಹೋದ ಸಲ ಕೂದಲೆಳೆಯಷ್ಟರಲ್ಲಿ ಪಾಸಾಗಿದ್ರು. "ಕೈಗೆ ತುಕ್ಕು ಹಿಡೀತಿದೆ ಕಣೇ, ಉಜ್ಜಬೇಕು" ಅಂತ ಅರ್ಧ ಗಂಟೆಯ ಅಭ್ಯಾಸವನ್ನ ಒಂದು ಗಂಟೆ ಮಾಡ್ಕೊಂಡ್ರು. ಈ ಒಂದು ವಿದ್ಯೆ ಬಿಟ್ರೆ ಆ ಮನುಷ್ಯನಿಗೆ ಬೇರೇನೂ ಬರಲ್ಲ. ಗೋಡೆಗೆ ಒಂದು ಮೊಳೆ ಹೊಡೀರಿ ಅಂದ್ರೆ ಹೆಬ್ಬೆರಳು ಜಜ್ಜಿಕೊಳ್ಳೋ ಪೈಕಿ.

ಶುರು ಮಾಡೋ ಮುಂಚೆ ಒಂದು ಶಾಸ್ತ್ರ ಇತ್ತು. ಪಿಸ್ತೂಲಿನ ಮೇಲ್ಭಾಗ ಹಿಂದಕ್ಕೆ ಎಳೆದು, ಒಳಗೆ ಕಾಣೋ ಹಾಗೆ ನನ್ನ ಮೂಗಿನ ಹತ್ರ ತಂದು "ನೋಡು" ಅನ್ನೋರು. ಒಲೆ ಮೇಲೆ ಹಾಲು ಉಕ್ಕಿ ಹೋಗ್ತಿದ್ರೂ ಸರಿ, ನಾನು ನೋಡಿ "ಖಾಲಿ" ಅನ್ನಬೇಕು. ಆಮೇಲೇ ಕೈ ಎತ್ತೋದು. ಮುಗಿದ ಮೇಲೆ "ಹೇಗಿತ್ತು?" ಅಂತ ಕೇಳೋರು. ನನ್ನ ಬಾಯಲ್ಲಿ ಹೊಗಳಿಕೆ ಹುಟ್ಟಲ್ಲ. "ಗೋಡೆ ಇನ್ನೂ ನಿಂತಿದೆ" ಅಂತಿದ್ದೆ. ಅದಕ್ಕೇ ಅವರು ನಗೋರು.

ಅವರು ಗಾರ್ಡುಗಳಿಗೆ ಹೇಳೋ ಪಾಠ ಕೇಳಿ ಕೇಳಿ ನನಗೂ ಬಾಯಿಪಾಠ. ನಳಿಗೆಯ ತುದಿಯಲ್ಲಿ ಒಂದು ಸಣ್ಣ ಮೊನೆ ಇರುತ್ತೆ. "ಕಣ್ಣು ಒಂದು ಸಲಕ್ಕೆ ಒಂದನ್ನೇ ಸ್ಪಷ್ಟವಾಗಿ ನೋಡೋದು. ಮೊನೆ ನೋಡು, ಗುರಿ ಮಂಜಾಗಿರಲಿ. ಗುರಿ ಮಂಜಾಗಿ ಕಂಡ್ರೆ ನಿನಗೆ ವಿದ್ಯೆ ಹತ್ತಿತು ಅಂತ ಅರ್ಥ." ಮನೆಯ ಗುರಿ ಅಂದ್ರೆ ನನ್ನ ಡಬ್ಬಿಯಿಂದ ಎಗರಿಸಿದ ಕಪ್ಪು ಕೋಟಿನ ಗುಂಡಿ, ಗೋಡೆಗೆ ಗೋಂದಿನಲ್ಲಿ ಅಂಟಿಸಿದ್ದು. ಈಚೆಗೆ ಮೊನೆ ಮಸುಕಾಗ್ತಿದೆ ಅಂತ ನನ್ನ ಸೀಮೆಸುಣ್ಣದ ಬಿಲ್ಲೆಯನ್ನೂ ತಗೊಂಡು ಅದಕ್ಕೆ ಬಳಿದಿದ್ರು. ನನ್ನ ಡಬ್ಬಿಗೆ ಹೇಳೋರು ಕೇಳೋರು ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ವಕೀಲರೊಬ್ಬರ ಕೋಟಿಗೆ ಗುಂಡಿ ಒಂದು ಕಡಿಮೆ ಬಿತ್ತು. ಡಬ್ಬಿಯೆಲ್ಲ ಸುರಿದು ಹುಡುಕಿದೆ. ಆ ಜೋಡಿಯ ಗುಂಡಿ ಇದ್ದದ್ದು ಗೋಡೆ ಮೇಲೆ ಮಾತ್ರ. ಕತ್ತರಿ ತುದಿಯಿಂದ ಮೀಟಿ ತೆಗೆದು ಹೊಲಿದೆ, ಕೋಟು ಹೋಯ್ತು. ಸಂಜೆ ಜಗಳ ಗ್ಯಾರಂಟಿ ಅಂತ ಉತ್ತರವನ್ನ ನಾಲಿಗೆ ತುದಿಯಲ್ಲೇ ಇಟ್ಕೊಂಡು ಕೂತಿದ್ದೆ.

ಇವರು ಬಂದ್ರು. ನೋಡು. ಖಾಲಿ. ಎಡಗಣ್ಣು ಮುಚ್ಚಿ, ಬರೀ ಗೋಡೆಗೆ ಕೈ ಎತ್ತಿದ್ರು. ಟಿಕ್. ಬೇಕಂತಲೇ ನನ್ನ ಕೆಣಕ್ತಿದ್ದಾರೆ ಅಂದ್ಕೊಂಡೆ. ಟಿಕ್. ನಾನೂ ಮಿಷನ್ ಓಡಿಸ್ತಾ ಇದ್ದೆ. ಕೊನೆಗೆ ಪಿಸ್ತೂಲನ್ನ ಪೆಟ್ಟಿಗೆಗೆ ಇಡ್ತಾ ಹೇಳಿದ್ರು, "ಇವತ್ತು ಬಹಳ ಚೆನ್ನಾಗಿ ಬಂತು ಕಣೇ. ಗುಂಡಿ ಹತ್ತಿ ಉಂಡೆ ಥರ ಮಂಜಾಗಿ ಅಲ್ಲೇ ಕೂತಿತ್ತು, ಒಂದು ಚೂರೂ ಅಲ್ಲಾಡಲಿಲ್ಲ."

ಮಿಷನ್ ಚಕ್ರದ ಮೇಲೆ ನನ್ನ ಕೈ ನಿಂತುಹೋಯ್ತು. "ಯಾವ ಗುಂಡಿ?"

"ನಿನ್ನದೇ. ಇನ್ಯಾವುದು?" ಅಂತ ಗೋಡೆ ಕಡೆ ತಿರುಗಿದ್ರು. ಈಗ ಎರಡು ಕಣ್ಣೂ ತೆರೆದಿದ್ವು. ನೋಡಿದ್ರು. ಎಡಗಣ್ಣು ಮುಚ್ಚಿ ನೋಡಿದ್ರು, ತೆರೆದು ನೋಡಿದ್ರು, ಮತ್ತೆ ಮುಚ್ಚಿದ್ರು. "ಅದು ಮಧ್ಯಾಹ್ನವೇ ವಕೀಲರ ಕೋಟಿಗೆ ಹೋಯ್ತು" ಅಂದೆ.

ಮರುದಿನ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರಮ್ಮ ಹನಿ ಹಾಕಿ, ದೀಪ ಬಿಟ್ಟು ತುಂಬಾ ಹೊತ್ತು ನೋಡಿದ್ರು. "ಬಲಗಣ್ಣಿನ ಒಳಪರದೆಯ ನಡುವೆ ರಕ್ತ ಸೋರಿ ಸೋರಿ ಕಲೆ ಕಟ್ಟಿಬಿಟ್ಟಿದೆ. ಯಾವುದನ್ನ ನೇರ ನೋಡ್ತೀರೋ ಅದೇ ನಿಮಗೆ ಕಾಣಲ್ಲ. ನೀವು ಗುಂಡಿ ಅಂದ್ಕೊಂಡದ್ದು ಆ ಕಲೆಯನ್ನೇ. ಮಂಜಾಗೋಕೆ ಶುರುವಾದದ್ದು ಯಾವಾಗ?"

"ಹೋದ ವರ್ಷ," ಅಂದ್ರು ಇವರು. ಮೇಷ್ಟ್ರ ಮುಂದೆ ಎದ್ದು ನಿಂತ ಹುಡುಗನ ಥರ ಇತ್ತು ದನಿ. "ಆದ್ರೆ ಗುರಿ ಮಂಜಾಗಬೇಕಲ್ಲ ಡಾಕ್ಟ್ರೇ. ಅದಕ್ಕೇ ಅಲ್ವಾ ನಾವು ಅಭ್ಯಾಸ ಮಾಡೋದು. ನನಗೆ ಜೀವಮಾನವೆಲ್ಲ ಪ್ರಯತ್ನಪಟ್ಟು ಬರ್ತಿದ್ದದ್ದು, ಹೋದ ವರ್ಷ ತಾನಾಗೇ ಬರೋಕೆ ಶುರುವಾಯ್ತು. ಅಂತೂ ಕೈಗೆ ಹತ್ತಿತು ಅಂದ್ಕೊಂಡೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ರು. ಆವಾಗಲೇ ಬಂದಿದ್ರೆ ಇಂಜೆಕ್ಷನ್ ಕೊಟ್ಟು ಉಳಿಸಬಹುದಿತ್ತಂತೆ. ಈಗ ಆ ಕಣ್ಣಿಗೆ ಮಾಡೋದು ಏನೂ ಇಲ್ಲ. ಎಡಗಣ್ಣಲ್ಲೂ ಶುರುವಾಗಿದೆ, ಅದು ಸೋರದೆ ಮೆಲ್ಲಗೆ ಸವೆಯೋ ಬಗೆಯದು, ಅದಕ್ಕೆ ಮದ್ದೇ ಇಲ್ಲ ಅಂದ್ರು.

ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಇವತ್ತಿಗೂ ಗೊತ್ತಿಲ್ಲ. ಯಾರ ಮೇಲೆ ಬೇಕಾದ್ರೂ ಹರಿಹಾಯೋಳು ನಾನು. ಆದ್ರೆ ಕಣ್ಣು ಹೋಗ್ತಿದ್ದದ್ದನ್ನ ವಿದ್ಯೆ ಬರ್ತಿದೆ ಅಂದ್ಕೊಂಡು ಒಂದು ವರ್ಷ ಖುಷಿಪಟ್ಟ ಮನುಷ್ಯನನ್ನ ಏನಂತ ಬೈಯೋದು? ಇಳಿಯೋ ಸ್ಟಾಪಿನಲ್ಲಿ ಅವರ ಕೈ ಹಿಡ್ಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಪರೀಕ್ಷೆಗೆ ಹೋಗಲಿಲ್ಲ. ಪಿಸ್ತೂಲನ್ನ ಒರೆಸಿ, ಎಣ್ಣೆ ಹಾಕಿ, ಠಾಣೆಗೆ ಒಪ್ಪಿಸಿ ಬಂದ್ರು. ಡಾಕ್ಟರಮ್ಮ ಹೇಳಿದ ಹಾಗೇ ಎಡಗಣ್ಣೂ ಸವೀತಾ ಬಂತು. ಈಗ ನನ್ನ ಮುಖ ನೋಡಬೇಕಾದ್ರೆ ನನ್ನ ಕಿವಿ ಕಡೆ ನೋಡ್ತಾರೆ. ಮನೆಯಲ್ಲಿ ಟಿಕ್ ಸದ್ದಿಲ್ಲ. ಅದು ನಿಂತ್ರೆ ಸಾಕಪ್ಪಾ ಅಂತಿದ್ದೋಳಿಗೆ ಈಗ ಸಂಜೆ ಅಂದ್ರೆ ಭಯ.

ಮೊನ್ನೆ ಅದೇ ಹೊತ್ತಿಗೆ ಕುರ್ಚಿಯಿಂದ ಎದ್ದು, "ಒಂದು ಗುಂಡಿ ಅಂಟಿಸೇ" ಅಂದ್ರು.

"ಯಾವ ಸುಖಕ್ಕೆ?"

"ನಿನಗೆ ಕಾಣುತ್ತಲ್ಲ, ನೀನು ನೋಡಿ ಹೇಳು. ಇಷ್ಟು ವರ್ಷ ಎತ್ತಿದ ಕೈ, ದಾರಿ ಗೊತ್ತಿರುತ್ತೆ. ಕೈ ಒಂದು ಉಳಿದಿದ್ರೆ ನಿಲ್ಲೋದು, ಹಿಡಿಯೋದು ಇಷ್ಟನ್ನಾದ್ರೂ ಹೇಳಿಕೊಡಬಹುದು. ರೇಂಜಿನವರನ್ನ ಕೇಳ್ತೀನಿ."

ಹಳೇ ಜಾಗದಲ್ಲೇ ಅಂಟಿಸಿದೆ. ಇವರು ಬರಿಗೈ ಬಿಚ್ಚಿ ನನ್ನ ಮುಂದೆ ಹಿಡಿದ್ರು. "ನೋಡು."

"ಖಾಲಿ" ಅಂದೆ.

ತೋರುಬೆರಳು ಚಾಚಿ ಕೈ ಎತ್ತಿದ್ರು. ನಾನು ಹಿಂದೆ ನಿಂತು ಅವರ ಹೆಗಲ ಮೇಲಿಂದ ನೋಡಿದೆ. ಕೈ ಒಂದಿಷ್ಟೂ ನಡುಗ್ತಿರಲಿಲ್ಲ. ಬೆರಳು ಮಾತ್ರ ಸ್ವಿಚ್ ಬೋರ್ಡಿನ ಕಡೆ ಇತ್ತು.

"ಸರಿಯಾಗಿದೆ," ಅಂದೆ. "ನಟ್ಟನಡುವೆ ಇದೆ. ಬಹಳ ಚೆನ್ನಾಗಿದೆ ರೀ."

ಅವರು ಕೈ ಇಳಿಸಲಿಲ್ಲ. "ಮದುವೆಯಾದಾಗಿನಿಂದ ನೀನು ಒಂದು ಸಲವೂ ಚೆನ್ನಾಗಿದೆ ಅಂದವಳಲ್ಲ," ಅಂದ್ರು. "ಎಷ್ಟು ಆಚೆ ಇದೆ?"

"ಎರಡು ಗೇಣು."

"ಎಡಕ್ಕೋ, ಬಲಕ್ಕೋ?"

"ಬಲಕ್ಕೆ."

ತಲೆ ಆಡಿಸಿ ಕೈ ಇಳಿಸಿದ್ರು. ಹಿಂದೆ ತಡವಿ ಕುರ್ಚಿ ಹುಡುಕಿ ಕೂತ್ರು. "ಗುಂಡಿ ಕಿತ್ತು ಡಬ್ಬಿಗೆ ಹಾಕ್ಕೋ," ಅಂದ್ರು. "ಯಾರದಾದ್ರೂ ಕೋಟಿಗೆ ಬೇಕಾಗುತ್ತೆ."

ನಾನು ಕತ್ತರಿ ತಗೊಂಡು ಗೋಡೆ ಹತ್ರ ಹೋದೆ.